ಒಂದೇ ಪೆಟ್ಟಿಗೆಯಲ್ಲಿ 5, 12, ಮೈನಸ್ 12: ಮನೆಯಲ್ಲೇ ಡಿಸಿ ಪವರ್ ಸಪ್ಲೈ ಕಟ್ಟುವ ಸಮಗ್ರ ಮಾರ್ಗದರ್ಶಿ

ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ 5 ವೋಲ್ಟ್ ಬೇಕು, ರಿಲೇಗೆ 12, ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಹಾಕಿದ ಟೋನ್ ಕಂಟ್ರೋಲ್‌ಗೆ ಪ್ಲಸ್ 12ರ ಜೊತೆ ಮೈನಸ್ 12, ಅಜ್ಜನ ಕಾಲದ ಟ್ರಾನ್ಸಿಸ್ಟರ್ ರೇಡಿಯೋಗೆ 6 ಅಥವಾ 9. ಇಷ್ಟಕ್ಕೂ ಒಂದೊಂದು ಅಡಾಪ್ಟರ್ ಇಟ್ಟುಕೊಂಡರೆ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಜಾಗ ಸಾಲುವುದಿಲ್ಲ. ಎಲ್ಲವನ್ನೂ ಒಂದೇ ಪೆಟ್ಟಿಗೆಯಿಂದ ಪಡೆಯುವುದು ಕಷ್ಟದ ಕೆಲಸವೇನೂ ಅಲ್ಲ. ಬಿಡಿಭಾಗಗಳು ಅಗ್ಗ, ಸರ್ಕ್ಯೂಟ್ ಹಳೆಯದು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರುವಂಥದ್ದೇ.

ಇದರಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ ಎರಡೇ. 230 ವೋಲ್ಟ್ ಪೆಟ್ಟಿಗೆಯ ಒಂದು ಮೂಲೆ ಬಿಟ್ಟು ಆಚೆ ಬರಬಾರದು. ಹಾಗೆಯೇ, ಬೇಡವಾದ ವೋಲ್ಟ್ ಎಲ್ಲಿ ಶಾಖವಾಗಿ ಹೋಗುತ್ತದೆ ಎಂಬ ಲೆಕ್ಕ ಮೊದಲೇ ನಿಮ್ಮ ಕೈಯಲ್ಲಿರಬೇಕು. ನೋಡಿದ ಡಯಾಗ್ರಾಂ ಅನ್ನು ಹಾಗೇ ಕಾಪಿ ಮಾಡುವವರು ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

ಮೇನ್ಸ್ ವೈರಿಂಗ್ ಅನ್ನು ಈವರೆಗೆ ಮುಟ್ಟಿಯೇ ಇಲ್ಲದವರು, ಶಾಲಾ ಮಕ್ಕಳು ಟ್ರಾನ್ಸ್‌ಫಾರ್ಮರ್ ಭಾಗವನ್ನು ಪೂರ್ತಿ ಬಿಟ್ಟುಬಿಡಿ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ತೆಗೆದುಕೊಂಡು ಕೆಳಗಿನ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ಐಸಿ) ಭಾಗದಿಂದ ಶುರುಮಾಡಿ. ಮೈನಸ್ 12 ಸಿಗುವುದಿಲ್ಲ, ಉಳಿದದ್ದೆಲ್ಲ ಸಿಗುತ್ತದೆ. ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್ ಬಿಚ್ಚಿ ಬಳಸುವ ಯೋಚನೆಯಂತೂ ಬೇಡ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಮೊದಲು ಲೆಕ್ಕ, ಆಮೇಲೆ ಅಂಗಡಿ

ನಾವು ಕಟ್ಟುವ ಪೆಟ್ಟಿಗೆಯಿಂದ ನಾಲ್ಕು ಔಟ್‌ಪುಟ್: ಪ್ಲಸ್ 12 ವೋಲ್ಟ್ 0.5 ಆಂಪಿಯರ್, ಮೈನಸ್ 12 ವೋಲ್ಟ್ 0.3 ಆಂಪಿಯರ್, 5 ವೋಲ್ಟ್ 1 ಆಂಪಿಯರ್, ಮತ್ತು 1.25ರಿಂದ ಸುಮಾರು 11.7 ವೋಲ್ಟ್‌ವರೆಗೆ ತಿರುಗಿಸಬಹುದಾದ ಒಂದು.

ಟ್ರಾನ್ಸ್‌ಫಾರ್ಮರ್ ಯಾವುದು? 12 ವೋಲ್ಟ್ ಬೇಕು, ಹಾಗಾಗಿ 12-0-12 (ನಡುವಿನ ವೈರಿನಿಂದ ಎರಡೂ ತುದಿಗೆ 12 ವೋಲ್ಟ್) ಎಂದು ಬಹಳ ಜನ ಕೊಂಡು ತರುತ್ತಾರೆ. ಅದು ಸಾಲದು. ಲೆಕ್ಕ ನೋಡಿ. 12 ವೋಲ್ಟ್ ಎಸಿಯ ಶಿಖರ ಸುಮಾರು 17 ವೋಲ್ಟ್. ಲೈನ್ ವೋಲ್ಟೇಜ್ 207ಕ್ಕೆ ಇಳಿದರೆ ಅದು 15.3 ಆಗುತ್ತದೆ. ಡಯೋಡಿಗೆ ಒಂದು ವೋಲ್ಟ್, ಫಿಲ್ಟರ್ ಕೆಪಾಸಿಟರಿನ ಏರಿಳಿತಕ್ಕೆ ಎರಡು ವೋಲ್ಟ್ ಕಳೆಯಿರಿ. ಉಳಿದದ್ದು 12.3. ಆದರೆ 12 ವೋಲ್ಟ್ ಕೊಡುವ ರೆಗ್ಯುಲೇಟರ್ 7812 ಸರಿಯಾಗಿ ಕೆಲಸ ಮಾಡಲು ಒಳಗೆ ಕನಿಷ್ಠ 14 ವೋಲ್ಟ್ ಬೇಕು. ಬೆಳಿಗ್ಗೆ ಚೆನ್ನಾಗಿದ್ದ ಆಂಪ್ಲಿಫೈಯರ್ ಸಂಜೆ ಗುಂಯ್‌ಗುಡುವುದು ಇದರಿಂದಲೇ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ವೋಲ್ಟೇಜ್ ಇನ್ನೂ ಕುಸಿಯುತ್ತದೆ.

15-0-15 ತೆಗೆದುಕೊಂಡರೆ ಶಿಖರ 21, ಡಯೋಡ್ ಕಳೆದು 20. ಲೈನ್ ಇಳಿದಾಗಲೂ 16ರ ಆಸುಪಾಸು ಉಳಿಯುತ್ತದೆ. ಲೈನ್ 253ಕ್ಕೆ ಏರಿ, ಲೋಡ್ ಏನೂ ಇಲ್ಲದಿದ್ದರೆ 25ರ ಆಸುಪಾಸಿಗೆ ಹೋಗಬಹುದು. 7812, ಅದರ ಮೈನಸ್ ಜೋಡಿಯಾದ 7912 ಇವುಗಳ ಇನ್‌ಪುಟ್ ಮಿತಿ 35 ವೋಲ್ಟ್ ಆದ್ದರಿಂದ ಅಪಾಯವಿಲ್ಲ. ಕೆಪಾಸಿಟರ್ ಮಾತ್ರ 35 ವೋಲ್ಟಿನದೇ ಆಗಬೇಕು. 25 ವೋಲ್ಟಿನದು ಎರಡು ರೂಪಾಯಿ ಕಡಿಮೆ ಎಂದು ತರಬೇಡಿ.

ಏರಿಳಿತದ ಲೆಕ್ಕವೂ ಸುಲಭ. ನಮ್ಮ ಲೈನ್ 50 ಹರ್ಟ್ಸ್, ಫುಲ್ ವೇವ್ ರೆಕ್ಟಿಫೈಯರ್ (ಎಸಿಯ ಎರಡೂ ಅರ್ಧವನ್ನು ಡಿಸಿ ಮಾಡುವ ಡಯೋಡ್ ಜೋಡಣೆ, ನಮ್ಮಲ್ಲಿ ನಾಲ್ಕು ಡಯೋಡಿನ ಬ್ರಿಡ್ಜ್) ಆದ್ದರಿಂದ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬುತ್ತದೆ. ಕರೆಂಟನ್ನು 100ರಿಂದಲೂ ಫ್ಯಾರಡ್‌ನಲ್ಲಿ ಬರೆದ ಕೆಪಾಸಿಟರ್ ಬೆಲೆಯಿಂದಲೂ ಭಾಗಿಸಿ. 1 ಆಂಪಿಯರಿಗೆ 4700 ಮೈಕ್ರೋಫ್ಯಾರಡ್ ಹಾಕಿದರೆ ಏರಿಳಿತ 2.1 ವೋಲ್ಟ್. ನಮಗೆ ಅಷ್ಟು ಸಾಕು.

ಟ್ರಾನ್ಸ್‌ಫಾರ್ಮರ್ 2 ಆಂಪಿಯರಿನದು ಇರಲಿ. ಅದರ ಮೇಲೆ ಬರೆದ 2 ಆಂಪಿಯರ್ ಎಸಿಯ ಲೆಕ್ಕ. ಬ್ರಿಡ್ಜ್, ಕೆಪಾಸಿಟರ್ ದಾಟಿ ಬಂದ ಮೇಲೆ ಎರಡೂ ಕಡೆ ಒಟ್ಟಿಗೆ ಎಳೆಯುವುದಾದರೆ ಸುಮಾರು 1.2 ಆಂಪಿಯರ್ ಡಿಸಿ ಎಂದಿಟ್ಟುಕೊಳ್ಳಿ. ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿರುವುದುಂಟು, ತಾಮ್ರದ್ದೇ ಬೇಕೆಂದು ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಬೇರೆ ಊರಿನಲ್ಲಿ ಟಿವಿ ರಿಪೇರಿ ಅಂಗಡಿಯವರನ್ನು ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ.

ಕೊಳ್ಳಬೇಕಾದದ್ದು

- 15-0-15, 2 ಆಂಪಿಯರ್ ಟ್ರಾನ್ಸ್‌ಫಾರ್ಮರ್
- ಲೋಹದ ಪೆಟ್ಟಿಗೆ, ಗಾಳಿಯಾಡಲು ತೂತುಗಳಿರುವುದು
- ಕಂಪ್ಯೂಟರ್ ಪವರ್ ಕಾರ್ಡ್ ಸಿಕ್ಕಿಸುವ ಮೂರು ಪಿನ್ನಿನ ಸಾಕೆಟ್, ಫ್ಯೂಸ್ ಜಾಗ ಇರುವಂಥದ್ದು. ಐಎಸ್‌ಐ ಗುರುತಿನ ಕಾರ್ಡ್
- ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್
- 500 ಮಿಲಿಆಂಪಿಯರ್ ಸ್ಲೋ ಬ್ಲೋ ಫ್ಯೂಸ್ ಒಂದು, 2 ಆಂಪಿಯರ್ ಫ್ಯೂಸ್ ಮೂರು, ಅವುಗಳ ಹೋಲ್ಡರ್
- 4 ಆಂಪಿಯರಿನ ಬ್ರಿಡ್ಜ್ ರೆಕ್ಟಿಫೈಯರ್, ಇಲ್ಲವೇ 1ಎನ್5402 ಡಯೋಡ್ ನಾಲ್ಕು
- 4700 ಮೈಕ್ರೋಫ್ಯಾರಡ್ 35 ವೋಲ್ಟ್ ಎರಡು, 2.2 ಕಿಲೋಓಮ್ ಅರ್ಧ ವ್ಯಾಟ್ ರೆಸಿಸ್ಟರ್ ಎರಡು
- 7812, 7912, ಎಲ್‌ಎಂ317 (ವೋಲ್ಟೇಜ್ ತಿರುಗಿಸಬಹುದಾದ ರೆಗ್ಯುಲೇಟರ್) ಒಂದೊಂದು. ಎಲ್‌ಎಂ2596 ಬಕ್ ಕನ್ವರ್ಟರ್ ಮಾಡ್ಯೂಲ್ ಒಂದು
- 120 ಓಮ್ ರೆಸಿಸ್ಟರ್, 1 ಕಿಲೋಓಮ್ ಲೀನಿಯರ್ ಪಾಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್)
- 1ಎನ್4007 ಡಯೋಡ್ ಎಂಟು, 5.6 ವೋಲ್ಟ್ 5 ವ್ಯಾಟ್ ಝೀನರ್ ಒಂದು, ಚಿಕ್ಕ ಕೆಪಾಸಿಟರ್‌ಗಳು
- ಹೀಟ್‌ಸಿಂಕ್ (ಐಸಿಯ ಶಾಖ ಹೊರಹಾಕುವ ಲೋಹದ ತುಂಡು) ಮೂರು, ಮೈಕಾ ವಾಷರ್, ಪ್ಲಾಸ್ಟಿಕ್ ಬುಷ್, ಥರ್ಮಲ್ ಪೇಸ್ಟ್
- ಬೈಂಡಿಂಗ್ ಪೋಸ್ಟ್‌ಗಳು, ಹೀಟ್ ಶ್ರಿಂಕ್ ಸ್ಲೀವ್, ಒಂದು ವೋಲ್ಟ್ ಮೀಟರ್ ಡಿಸ್‌ಪ್ಲೇ

ಪ್ಲಗ್ಗಿನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ

ಕೆಲಸ ಶುರುಮಾಡುವ ಮುನ್ನ ನಿಮ್ಮ ಮನೆಯ ಸಾಕೆಟ್ ನೋಡಿ. ಮೂರನೇ ತೂತಿಗೆ ಅರ್ತ್ ಎಳೆದೇ ಇರದ ಮನೆಗಳು ಬೇಕಾದಷ್ಟಿವೆ. ಮಲ್ಟಿಮೀಟರನ್ನು 750 ಅಥವಾ 600 ವೋಲ್ಟ್ ಎಸಿಗಿಟ್ಟು ಫೇಸ್ ಮತ್ತು ಅರ್ತ್ ನಡುವೆ ಅಳೆದರೆ 230ರ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್. ಹಾಗೆ ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿಮಾಡಿಸಿ. ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಇದೇ ನೆಪದಲ್ಲಿ ಹಾಕಿಸಿಕೊಳ್ಳಿ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ.

ಪೆಟ್ಟಿಗೆಯ ಹಿಂದಿನ ಒಂದು ಮೂಲೆಯನ್ನು 230 ವೋಲ್ಟಿಗೆ ಮೀಸಲಿಡಿ. ಸಾಕೆಟ್, ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರಿನ ಪ್ರೈಮರಿ (230 ವೋಲ್ಟಿನ) ಬದಿ ಎಲ್ಲವೂ ಅಲ್ಲೇ. ಡಿಸಿ ವೈರುಗಳು ಆ ಕಡೆ ಹಾಯಬಾರದು. ಮೇನ್ಸ್ ವೈರನ್ನು ಸರ್ಕ್ಯೂಟ್ ಬೋರ್ಡಿನ ಮೇಲೆ ತರಲೇಬೇಡಿ. ತೂತು ತೂತಿನ ಜನರಲ್ ಪರ್ಪಸ್ ಬೋರ್ಡಿನಲ್ಲಿ ಎರಡು ಬೊಟ್ಟುಗಳ ನಡುವಿನ ಅಂತರ 230 ವೋಲ್ಟಿಗೆ ಏನೇನೂ ಸಾಲದು.

ಹೊಸ ಕಾರ್ಡಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಸಾಕೆಟ್ಟಿನ ಅರ್ತ್ ಪಿನ್ನಿನಿಂದ ಹೊರಟ ವೈರಿಗೆ ಲಗ್ ಹಾಕಿ, ಪೆಟ್ಟಿಗೆಯ ಬಣ್ಣ ಕೆರೆದು, ಸ್ಟಾರ್ ವಾಷರ್ ಇಟ್ಟು ಬೋಲ್ಟ್ ಬಿಗಿಯಿರಿ. ಈ ಬೋಲ್ಟ್ ಅರ್ತ್‌ಗೆಂದೇ ಇರಲಿ, ಟ್ರಾನ್ಸ್‌ಫಾರ್ಮರ್ ಹಿಡಿದಿಡುವ ಬೋಲ್ಟಿಗೇ ಸೇರಿಸಿ ಮುಗಿಸಬೇಡಿ. ಈ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರಾದರೂ ಎಳೆದರೆ ಕೊನೆಗೆ ಕೀಳುವುದು ಅರ್ತ್ ಆಗಿರಬೇಕು.

ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್‌ಗೆ, ಅಲ್ಲಿಂದ ಪ್ರೈಮರಿಗೆ. ನ್ಯೂಟ್ರಲ್ ಸ್ವಿಚ್ಚಿನ ಇನ್ನೊಂದು ಪೋಲ್ ಮೂಲಕ ಪ್ರೈಮರಿಯ ಮತ್ತೊಂದು ತುದಿಗೆ. ನಮ್ಮ 60 ವಿಎ (30 ವೋಲ್ಟ್ ಗುಣಿಸು 2 ಆಂಪಿಯರ್) ಟ್ರಾನ್ಸ್‌ಫಾರ್ಮರ್ 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್ ಅಷ್ಟೆ. ಆನ್ ಮಾಡಿದ ಕ್ಷಣದ ಎಳೆತಕ್ಕೆ ಹಾರದಿರಲೆಂದು 500 ಮಿಲಿಆಂಪಿಯರಿನ ಸ್ಲೋ ಬ್ಲೋ. ಪ್ರತಿ ಜೋಡಣೆಗೂ ವೈರಿನ ತುದಿಯನ್ನು ಟರ್ಮಿನಲ್ಲಿನ ತೂತಿನಲ್ಲಿ ತೂರಿಸಿ ಮಡಚಿ, ಆಮೇಲೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಎಳೆಯಿರಿ. ಬರೀ ಬೆಸುಗೆಯ ಬಲದ ಮೇಲೆ ವೈರ್ ನಿಂತಿರಬಾರದು. ಇನ್ಸುಲೇಷನ್ ಟೇಪನ್ನೂ ನಂಬಬೇಡಿ, ಬೇಸಿಗೆಯಲ್ಲಿ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಈಗ ಪ್ಲಗ್ ಸಿಕ್ಕಿಸದೆಯೇ ಮಲ್ಟಿಮೀಟರಿನಿಂದ ನೋಡಿ. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಪೆಟ್ಟಿಗೆಯ ಮೈಗೆ ಒಂದು ಓಮ್‌ಗಿಂತ ಕಡಿಮೆ. ಫೇಸ್ ಅಥವಾ ನ್ಯೂಟ್ರಲ್‌ನಿಂದ ಪೆಟ್ಟಿಗೆಗೆ ಸಂಪರ್ಕವೇ ಇರಕೂಡದು. ಪ್ರೈಮರಿಯಿಂದ ಸೆಕೆಂಡರಿಗೂ (ಕಡಿಮೆ ವೋಲ್ಟಿನ ಬದಿ) ಸಂಪರ್ಕ ಇರಕೂಡದು. ಸ್ವಿಚ್ ಆನ್ ಮಾಡಿದಾಗ ಫೇಸ್-ನ್ಯೂಟ್ರಲ್ ನಡುವೆ ಹತ್ತಾರು ಓಮ್. ಈ ನಾಲ್ಕೂ ಸರಿ ಬರುವವರೆಗೆ ಗೋಡೆಯ ಸಾಕೆಟ್ಟಿನ ಹತ್ತಿರ ಹೋಗಬೇಡಿ.

ಸೀರೀಸ್ ಬಲ್ಬ್

ಟಿವಿ ರಿಪೇರಿ ಮಾಡುವವರ ಮೇಜಿನ ಮೇಲೆ ಯಾವಾಗಲೂ ಒಂದು ಬಲ್ಬ್ ಹೋಲ್ಡರ್ ಇರುತ್ತದೆ. ಅದಿಲ್ಲದೆ ಅವರು ಹೊಸ ಸೆಟ್ಟಿಗೆ ಕರೆಂಟ್ ಕೊಡುವುದಿಲ್ಲ. ನೀವೂ ಒಂದು ಬೋರ್ಡ್ ಮಾಡಿಕೊಳ್ಳಿ: ಫೇಸ್ ವೈರ್ 60 ವ್ಯಾಟಿನ ಬಲ್ಬ್ ದಾಟಿ ಸಾಕೆಟ್ಟಿಗೆ ಬರಬೇಕು, ಅಷ್ಟೆ. ಬಲ್ಬ್ ತಂತಿಯ ಹಳೆಯ ಬಗೆಯದೇ ಆಗಬೇಕು, ಎಲ್‌ಇಡಿ ಅಥವಾ ಸಿಎಫ್‌ಎಲ್ ನಡೆಯದು.

ಪೆಟ್ಟಿಗೆಯನ್ನು ಈ ಬೋರ್ಡಿಗೆ ಸಿಕ್ಕಿಸಿ ಆನ್ ಮಾಡಿ. ಟ್ರಾನ್ಸ್‌ಫಾರ್ಮರ್ ಮಾತ್ರ ಇದ್ದರೆ ಬಲ್ಬ್ ಒಮ್ಮೆ ಮಿಣುಕಿ ನಂದಬೇಕು. ಪೂರ್ತಿ ಬೆಳಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಪ್ಲಗ್ ಕಿತ್ತು ಹುಡುಕಿ. ಬಲ್ಬ್ ಇಲ್ಲದೆ ಇದೇ ತಪ್ಪಾಗಿದ್ದರೆ ಫ್ಯೂಸ್ ಹೋಗಿ, ಕಾರಣ ಗೊತ್ತಾಗದೆ ಇನ್ನೊಂದು ಫ್ಯೂಸ್ ಹಾಕಿ, ಅದೂ ಹೋಗಿ, ಮೂರನೆಯ ಸಲ ಫ್ಯೂಸ್ ಜಾಗದಲ್ಲಿ ತಂತಿ ಸುತ್ತುವ ಬುದ್ಧಿ ಬರುತ್ತದೆ.

ಸೆಕೆಂಡರಿಯ ಮೂರು ವೈರುಗಳಲ್ಲಿ ಹೊರಗಿನ ಎರಡರ ನಡುವೆ 30ಕ್ಕಿಂತ ತುಸು ಹೆಚ್ಚು, ನಡುವಿನದರಿಂದ ಒಂದೊಂದಕ್ಕೆ 16-17 ವೋಲ್ಟ್ ಎಸಿ ಕಾಣುತ್ತದೆ. ಲೋಡ್ ಇಲ್ಲದಾಗ ಬರೆದದ್ದಕ್ಕಿಂತ ಹೆಚ್ಚು ತೋರಿಸುವುದು ಸಹಜ.

ಇನ್ನು ಮುಂದೆ ಪ್ರತಿ ಹಂತಕ್ಕೂ ಇದೇ ಶಿಸ್ತು: ಪ್ಲಗ್ ಕಿತ್ತು ಕೆಲಸ, ಬಲ್ಬ್ ಮೂಲಕ ಮೊದಲ ಕರೆಂಟ್. ಸ್ವಿಚ್ ಆಫ್ ಮಾಡಿ ಕೈ ಹಾಕುವುದಲ್ಲ, ಪ್ಲಗ್ ಕಿತ್ತು ಅದು ನಿಮ್ಮ ಕಣ್ಣೆದುರು ಮೇಜಿನ ಮೇಲೆ ಬಿದ್ದಿರಬೇಕು.

ಬ್ರಿಡ್ಜ್ ಮತ್ತು ಕೆಪಾಸಿಟರ್

ಸೆಕೆಂಡರಿಯ ಹೊರಗಿನ ಎರಡು ವೈರುಗಳು ತಲಾ ಒಂದು 2 ಆಂಪಿಯರ್ ಫ್ಯೂಸ್ ದಾಟಿ ಬ್ರಿಡ್ಜಿನ ಎಸಿ ಕಾಲುಗಳಿಗೆ. ಬ್ರಿಡ್ಜಿನ ಪ್ಲಸ್‌ನಿಂದ ಮೊದಲ ಕೆಪಾಸಿಟರಿನ ಪ್ಲಸ್‌ಗೆ. ಬ್ರಿಡ್ಜಿನ ಮೈನಸ್‌ನಿಂದ ಎರಡನೆಯ ಕೆಪಾಸಿಟರಿನ ಮೈನಸ್‌ಗೆ. ಮೊದಲನೆಯದರ ಮೈನಸ್, ಎರಡನೆಯದರ ಪ್ಲಸ್ ಕೂಡುವ ಜಾಗಕ್ಕೆ ಟ್ರಾನ್ಸ್‌ಫಾರ್ಮರಿನ ನಡುವಿನ ವೈರ್. ಇದೇ ನಮ್ಮ ಸೊನ್ನೆ ವೋಲ್ಟ್, ಕಾಮನ್.

ಎಲ್ಲ ಔಟ್‌ಪುಟ್‌ಗಳ ಕಾಮನ್ ವೈರುಗಳೂ ಎರಡು ಕೆಪಾಸಿಟರ್ ಕೂಡಿದ ಒಂದೇ ಬಿಂದುವಿನಿಂದ ಹೊರಡಲಿ. ಟ್ರಾನ್ಸ್‌ಫಾರ್ಮರ್‌ನಿಂದ ಕೆಪಾಸಿಟರಿಗೆ ಬರುವ ವೈರಿನ ಮಧ್ಯದಿಂದ ಕವಲು ತೆಗೆದರೆ ಸೆಕೆಂಡಿಗೆ 100 ಸಲ ಹರಿಯುವ ಚಾರ್ಜಿಂಗ್ ಕರೆಂಟ್ ಔಟ್‌ಪುಟ್ಟಿನಲ್ಲಿ ಗುಂಯ್ ಎನ್ನುತ್ತದೆ. ಆಗ ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದರೂ ಹೋಗುವುದಿಲ್ಲ.

ಪ್ರತಿ ದೊಡ್ಡ ಕೆಪಾಸಿಟರಿಗೂ ಅಡ್ಡಲಾಗಿ 2.2 ಕಿಲೋಓಮ್ ರೆಸಿಸ್ಟರ್ ಹಾಕಿ. ಆಫ್ ಮಾಡಿದ ಮೇಲೆ ಅರ್ಧ ನಿಮಿಷದೊಳಗೆ ಚಾರ್ಜ್ 2 ವೋಲ್ಟಿಗಿಂತ ಕೆಳಗಿಳಿಯುತ್ತದೆ. ಕೆಪಾಸಿಟರನ್ನು ತಿರುಗಮುರುಗ ಹಾಕಿದರೆ ಅದು ಸಿಡಿಯುತ್ತದೆ. ಮೊದಲ ಸಲ ಆನ್ ಮಾಡುವಾಗ ಕನ್ನಡಕ ಇರಲಿ, ಮುಖ ಪೆಟ್ಟಿಗೆಯ ಮೇಲೆ ಬಾಗಿರದಿರಲಿ. ಬಲ್ಬ್ ಒಮ್ಮೆ ಜೋರಾಗಿ ಬೆಳಗಿ ಮಂಕಾದರೆ ಕೆಪಾಸಿಟರ್ ತುಂಬಿತೆಂದು ಅರ್ಥ. ಕಾಮನ್‌ನಿಂದ ಪ್ಲಸ್ ಕಡೆಗೆ 20ರಿಂದ 23, ಮೈನಸ್ ಕಡೆಗೆ ಅಷ್ಟೇ ಋಣ ವೋಲ್ಟ್ ಬರಬೇಕು.

ಉಳಿದ ವೋಲ್ಟ್ ಎಲ್ಲಿಗೆ ಹೋಗುತ್ತದೆ

20 ವೋಲ್ಟ್ ಒಳಗೆ, 12 ಹೊರಗೆ. ಮಧ್ಯದ 8 ವೋಲ್ಟನ್ನು 7812 ನುಂಗಿ ಶಾಖ ಮಾಡುತ್ತದೆ. 0.5 ಆಂಪಿಯರಿಗೆ 4 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7812 ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. ನಾಲ್ಕು ವ್ಯಾಟಿಗೆ 260 ಆಯಿತು. ಅಷ್ಟಾಗುವ ಮೊದಲೇ ಐಸಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಪ್ರತಿ ವ್ಯಾಟಿಗೆ 5 ಡಿಗ್ರಿಯ ಹೀಟ್‌ಸಿಂಕ್ ಹಾಕಿದರೆ, ಐಸಿಯ ಒಳಗಿನ 5 ಮತ್ತು ಮೈಕಾದ 1 ಸೇರಿ ಒಟ್ಟು 11. ನಾಲ್ಕು ವ್ಯಾಟಿಗೆ 44 ಡಿಗ್ರಿ ಏರಿಕೆ. ಪೆಟ್ಟಿಗೆಯ ಒಳಗೆ 50 ಡಿಗ್ರಿ ಇದ್ದರೂ 94ಕ್ಕೆ ನಿಲ್ಲುತ್ತದೆ, ಮಿತಿ 125. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ, ಆದ್ದರಿಂದ ಒಳಗಿನ 50 ಹೆಚ್ಚಿನ ಅಂದಾಜೇನಲ್ಲ.

ಇದೇ ಲೆಕ್ಕವನ್ನು 5 ವೋಲ್ಟಿಗೆ ಮಾಡಿ ನೋಡಿ. 7805 ಹಾಕಿ 1 ಆಂಪಿಯರ್ ಎಳೆದರೆ 15 ವ್ಯಾಟ್ ಬರೀ ಶಾಖ, ಉಪಯೋಗಕ್ಕೆ ಬಂದದ್ದು 5 ವ್ಯಾಟ್. ಹಾಗಾಗಿ 5 ವೋಲ್ಟಿಗೆ ನಾನು ಹೇಳುವುದು ಎಲ್‌ಎಂ2596 ಬಕ್ ಮಾಡ್ಯೂಲ್. ಅದು ಸುಮಾರು 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತ, ಶಾಖವಾಗಿ ಕಳೆಯುವುದು ಒಂದೆರಡು ವ್ಯಾಟ್ ಮಾತ್ರ. ಅದರ ಔಟ್‌ಪುಟ್ಟಿನಲ್ಲಿ ಸ್ವಿಚಿಂಗ್ ಗದ್ದಲ ಸ್ವಲ್ಪ ಇರುತ್ತದೆ. ಡಿಜಿಟಲ್ ಬೋರ್ಡಿಗೆ ತೊಂದರೆಯಿಲ್ಲ, ಆಡಿಯೋಗೆ 7812, 7912 ಇದ್ದೇ ಇವೆ.

ಮಾಡ್ಯೂಲಿಗೆ ಮೊದಲು ಲೋಡ್ ಇಲ್ಲದೆ ಕರೆಂಟ್ ಕೊಟ್ಟು, ಅದರ ಪುಟ್ಟ ಹಿತ್ತಾಳೆ ಸ್ಕ್ರೂ ತಿರುಗಿಸಿ 5.0ಗೆ ತನ್ನಿ. ಎಷ್ಟೋ ಸುತ್ತು ತಿರುಗಿಸಿದರೂ ವೋಲ್ಟೇಜ್ ಅಲ್ಲಾಡದೆ ಇರಬಹುದು, ಅದು ಹಲವು ಸುತ್ತಿನ ಪಾಟ್, ಬಿಡದೆ ತಿರುಗಿಸಿ. ಸರಿಯಾದ ಮೇಲೆ ಸ್ಕ್ರೂ ಮೇಲೆ ಒಂದು ಹನಿ ನೈಲ್ ಪಾಲಿಶ್. ಮಾಡ್ಯೂಲ್ ಕೆಟ್ಟು 20 ವೋಲ್ಟ್ ನೇರ ಹೊರಬಂದರೆ ನಿಮ್ಮ ಬೋರ್ಡ್ ಸುಡುತ್ತದೆ. ಅದಕ್ಕೆ ಮಾಡ್ಯೂಲಿನ ಇನ್‌ಪುಟ್ಟಿನಲ್ಲಿ ಮೂರನೆಯ 2 ಆಂಪಿಯರ್ ಫ್ಯೂಸ್, ಔಟ್‌ಪುಟ್ಟಿಗೆ ಅಡ್ಡಲಾಗಿ 5.6 ವೋಲ್ಟ್ ಝೀನರ್. ಝೀನರ್ ತಾನು ಸತ್ತು ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಒರಟು ಉಪಾಯ, ಆದರೂ ಇಲ್ಲದಿರುವುದಕ್ಕಿಂತ ಮೇಲು.

ರೆಗ್ಯುಲೇಟರ್‌ಗಳ ಕಾಲು ಮತ್ತು ಬೆನ್ನು

ಮೂರೂ ನೋಡಲು ಒಂದೇ ಥರ. ಬರಹವಿರುವ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದು ಎಡದಿಂದ ಓದಿ:

7812: ಇನ್‌ಪುಟ್, ಕಾಮನ್, ಔಟ್‌ಪುಟ್. ಬೆನ್ನಿನ ಲೋಹ ಕಾಮನ್‌ಗೆ ಸೇರಿದೆ.
7912: ಕಾಮನ್, ಇನ್‌ಪುಟ್, ಔಟ್‌ಪುಟ್. ಬೆನ್ನು ಇನ್‌ಪುಟ್‌ಗೆ, ಅಂದರೆ ಮೈನಸ್ 20ಕ್ಕೆ.
ಎಲ್‌ಎಂ317: ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಬೆನ್ನು ಔಟ್‌ಪುಟ್‌ಗೆ.

ಮೂರನ್ನೂ ಪೆಟ್ಟಿಗೆಯ ಹಿಂದಿನ ತಗಡಿಗೆ ಹಾಗೇ ಬೋಲ್ಟ್ ಮಾಡಿದರೆ ಏನಾಗುತ್ತದೆಂದು ಈಗ ನೀವೇ ಹೇಳಬಹುದು. ಪ್ರತಿಯೊಂದಕ್ಕೂ ಮೈಕಾ, ಎರಡೂ ಕಡೆ ತೆಳುವಾಗಿ ಪೇಸ್ಟ್, ಬೋಲ್ಟಿಗೆ ಪ್ಲಾಸ್ಟಿಕ್ ಬುಷ್. ಬಿಗಿದ ಮೇಲೆ ಐಸಿಯ ಬೆನ್ನು ಮತ್ತು ಹೀಟ್‌ಸಿಂಕ್ ನಡುವೆ ಕಂಟಿನ್ಯುಟಿಗಿಟ್ಟ ಮೀಟರ್ ಕೂಗಬಾರದು. ಕೂಗಿದರೆ ಹೆಚ್ಚಾಗಿ ತೂತು ಕೊರೆದ ಅಂಚಿನ ಚೂಪು ಮೈಕಾವನ್ನು ಸೀಳಿರುತ್ತದೆ. ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಆ ಅಂಚು ಸವರಿ.

7812ಕ್ಕೆ ಇನ್‌ಪುಟ್ಟಿನಲ್ಲಿ 0.33, ಔಟ್‌ಪುಟ್ಟಿನಲ್ಲಿ 0.1 ಮೈಕ್ರೋಫ್ಯಾರಡ್. 7912 ಸ್ವಲ್ಪ ಹಟಮಾರಿ. ಅದಕ್ಕೆ ಇನ್‌ಪುಟ್ಟಿನಲ್ಲಿ 2.2, ಔಟ್‌ಪುಟ್ಟಿನಲ್ಲಿ 25 ಮೈಕ್ರೋಫ್ಯಾರಡ್ ಅಥವಾ ಹೆಚ್ಚಿನ ಎಲೆಕ್ಟ್ರೋಲಿಟಿಕ್ ಕಾಲಿನ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಆಸಿಲೇಟ್ ಆಗುತ್ತದೆ, ಅಂದರೆ ಔಟ್‌ಪುಟ್ ತಾನಾಗಿ ನಡುಗುತ್ತದೆ. ಇಲ್ಲಿ ಕೆಪಾಸಿಟರಿನ ಪ್ಲಸ್ ಕಾಲು ಕಾಮನ್‌ಗೆ ಎಂಬುದನ್ನು ಮರೆಯಬೇಡಿ.

ಎಲ್‌ಎಂ317ರಲ್ಲಿ ಔಟ್‌ಪುಟ್ ಮತ್ತು ಅಡ್ಜಸ್ಟ್ ನಡುವೆ 120 ಓಮ್, ಅಡ್ಜಸ್ಟ್‌ನಿಂದ ಕಾಮನ್‌ಗೆ 1 ಕಿಲೋಓಮ್ ಪಾಟ್. ಪಾಟಿನ ಬೆಲೆಯನ್ನು 120ರಿಂದ ಭಾಗಿಸಿ, 1 ಕೂಡಿ, 1.25ರಿಂದ ಗುಣಿಸಿದರೆ ಔಟ್‌ಪುಟ್: ಪೂರ್ತಿ ತಿರುಗಿಸಿದಾಗ 11.7. ಬಹಳ ಡಯಾಗ್ರಾಂಗಳಲ್ಲಿ 240 ಓಮ್ ಇರುತ್ತದೆ. ಆದರೆ ಎಲ್‌ಎಂ317 ಹಿಡಿತದಲ್ಲಿರಲು 10 ಮಿಲಿಆಂಪಿಯರ್‌ವರೆಗೆ ಕನಿಷ್ಠ ಲೋಡ್ ಬೇಕಾಗಬಹುದು. 120 ಓಮ್ ತಾನೇ ಅಷ್ಟನ್ನು ಎಳೆಯುತ್ತದೆ. 240 ಹಾಕಿದರೆ ಲೋಡ್ ಇಲ್ಲದಾಗ ವೋಲ್ಟೇಜ್ ಮೇಲೇರಿ ಕೂರಬಹುದು.

ಪಾಟಿನ ನಡುವಿನ ಕಾಲನ್ನು ಅಡ್ಜಸ್ಟ್ ಕಡೆಗಿರುವ ತುದಿಯ ಕಾಲಿಗೆ ಸೇರಿಸಿ ಬೆಸೆಯಿರಿ. ಹಳೆಯದಾದ ಪಾಟಿನಲ್ಲಿ ನಡುವಿನ ತುದಿ ಆಗಾಗ ಸಂಪರ್ಕ ಬಿಡುತ್ತದೆ. ಹಾಗೆ ಬೆಸೆದಿದ್ದರೆ ಔಟ್‌ಪುಟ್ 11.7ಕ್ಕೆ ಹಾರಿ ನಿಲ್ಲುತ್ತದೆ. ಬೆಸೆಯದಿದ್ದರೆ ಅಡ್ಜಸ್ಟ್ ಗಾಳಿಯಲ್ಲಿ ತೂಗಿ ಇನ್‌ಪುಟ್ಟಿನ ವೋಲ್ಟೇಜೇ ಹೆಚ್ಚುಕಡಿಮೆ ಪೂರ್ತಿ ಹೊರಬರುತ್ತದೆ.

ಇಲ್ಲೂ ಶಾಖದ ಲೆಕ್ಕ ಬಿಡುವುದಿಲ್ಲ. 3 ವೋಲ್ಟಿಗಿಟ್ಟು 0.5 ಆಂಪಿಯರ್ ಎಳೆದರೆ 17 ವೋಲ್ಟ್ ಐಸಿಯ ಮೇಲೆ, 8.5 ವ್ಯಾಟ್, ಮೇಲಿನ ಹೀಟ್‌ಸಿಂಕಿಗೆ ಅದು ಹೆಚ್ಚಾಯಿತು. ಪಾಟಿನ ಗುಬ್ಬಿಯ (ನಾಬ್) ಪಕ್ಕ "7 ವೋಲ್ಟಿಗಿಂತ ಕೆಳಗೆ 0.3 ಆಂಪಿಯರ್ ಮಾತ್ರ" ಎಂದು ಬರೆದು ಅಂಟಿಸಿ.

ಕೊನೆಗೆ ಡಯೋಡ್‌ಗಳು. ಮೂರೂ ಐಸಿಗಳ ಇನ್‌ಪುಟ್-ಔಟ್‌ಪುಟ್ ನಡುವೆ ಒಂದೊಂದು 1ಎನ್4007. ಪ್ಲಸ್ ಐಸಿಗಳಲ್ಲಿ ಪಟ್ಟೆಯಿರುವ ತುದಿ ಇನ್‌ಪುಟ್ ಕಡೆಗೆ, 7912ರಲ್ಲಿ ಔಟ್‌ಪುಟ್ ಕಡೆಗೆ. ಆಫ್ ಮಾಡಿದಾಗ ಹೊರಗಿನ ಕೆಪಾಸಿಟರ್ ಐಸಿಯೊಳಗೆ ಹಿಂದಕ್ಕೆ ನುಗ್ಗದಂತೆ ಇದು ತಡೆಯುತ್ತದೆ. ಪ್ಲಸ್ 12, ಮೈನಸ್ 12 ಔಟ್‌ಪುಟ್‌ಗಳಿಂದ ಕಾಮನ್‌ಗೂ ಒಂದೊಂದು, ಸಾಮಾನ್ಯ ಸ್ಥಿತಿಯಲ್ಲಿ ಕರೆಂಟ್ ಹರಿಯದ ದಿಕ್ಕಿಗೆ. ಉಳಿದ ಮೂರು ಡಯೋಡ್ ಡಬ್ಬಿಯಲ್ಲಿರಲಿ, ಬೇಕಾಗುತ್ತವೆ.

ಲೋಡ್ ಕೊಟ್ಟು ನೋಡುವುದು

ಬಲ್ಬ್ ಬೋರ್ಡ್ ಮೂಲಕ ಎಲ್ಲ ಔಟ್‌ಪುಟ್ ಸರಿ ಬಂದ ಮೇಲೆ ನೇರ ಸಾಕೆಟ್ಟಿಗೆ ಬನ್ನಿ. 12 ವೋಲ್ಟಿಗೆ ಬೈಕಿನ 5 ವ್ಯಾಟ್ ಪಾರ್ಕಿಂಗ್ ಬಲ್ಬ್ ಒಳ್ಳೆಯ ಲೋಡ್, ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಇಂಡಿಕೇಟರಿನ 21 ವ್ಯಾಟಿನದು ಬೇಡ. ಮೈನಸ್ 12ಕ್ಕೆ 47 ಓಮ್ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್, 5 ವೋಲ್ಟಿಗೆ 4.7 ಓಮ್ 10 ವ್ಯಾಟಿನದು. ಎರಡೂ ಕೈ ಸುಡುವಷ್ಟು ಕಾಯುತ್ತವೆ, ಪ್ಲಾಸ್ಟಿಕ್ ಮೇಲಿಡಬೇಡಿ.

ಅರ್ಧ ಗಂಟೆ ಹಾಗೇ ಬಿಟ್ಟು ಪಕ್ಕದಲ್ಲೇ ಕೂತಿರಿ. ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹೀಟ್‌ಸಿಂಕ್ ಮುಟ್ಟಿ ನೋಡಿ. ಬೆರಳು ಎರಡು-ಮೂರು ಸೆಕೆಂಡ್ ನಿಂತರೆ ಚಿಂತೆಯಿಲ್ಲ, ತಕ್ಷಣ ಎಳೆದುಕೊಳ್ಳುವಂತಾದರೆ ಹೀಟ್‌ಸಿಂಕ್ ದೊಡ್ಡದಾಗಬೇಕು. ಟ್ರಾನ್ಸ್‌ಫಾರ್ಮರಿನಿಂದ ವಾರ್ನಿಷ್ ವಾಸನೆ ಬಂದರೆ ಅದನ್ನು ಬದಲಿಸಿ.

ಈ ಪೆಟ್ಟಿಗೆಗೆ ಬೇಕಾದಷ್ಟಕ್ಕೆ ಕರೆಂಟ್ ಮಿತಿ ಇಡುವ ಗುಬ್ಬಿ ಇಲ್ಲ. ಹೊಸ ಸರ್ಕ್ಯೂಟಿಗೆ ಮೊದಲ ಸಲ 12 ವೋಲ್ಟ್ ಕೊಡುವಾಗ ಅದೇ ಪಾರ್ಕಿಂಗ್ ಬಲ್ಬನ್ನು ಸಾಲಿನಲ್ಲಿ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಬೆಳಗುತ್ತದೆ, ಸರ್ಕ್ಯೂಟ್ ಉಳಿಯುತ್ತದೆ. 24 ವೋಲ್ಟಿನ ರಿಲೇ ಸಿಕ್ಕಿದರೆ ಪ್ಲಸ್ 12 ಮತ್ತು ಮೈನಸ್ 12ರ ನಡುವೆ ಸೇರಿಸಬಹುದು, 0.3 ಆಂಪಿಯರ್ ಮೀರದಂತೆ. ಆಗ ಆ ರಿಲೇ ಬೋರ್ಡಿನ ಮೈನಸ್ ವೈರ್ ಪೆಟ್ಟಿಗೆಯ ಕಾಮನ್‌ಗೆ ಎಲ್ಲಿಯೂ ತಾಗಬಾರದು, ಯುಎಸ್‌ಬಿ ಕೇಬಲ್ ಮೂಲಕ ಕೂಡ. ತಾಗಿದರೆ 7912 ಶಾರ್ಟ್ ಆದಂತೆ.